ಅಳಿವೆಯಿಂದ ಹಿನ್ನೀರಿಗೆ

ನದಿಯ ಕಥೆ ಹೇಳುವವರು ಸಾಮಾನ್ಯವಾಗಿ ಅದರ ಉಗಮದಿಂದ ಆರಂಭಿಸಿ ಸಮುದ್ರದಲ್ಲಿ ಮುಗಿಸುವುದು ವಾಡಿಕೆ. ಈ ಸಲ ನಾವು ವಾಚಕ ಬಂಧುಗಳನ್ನು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಕರೆದೊಯ್ಯಬಯಸುತ್ತೇವೆ. ಶರಾವತಿಯು ಅರಬ್ಬೀ ಸಮುದ್ರವನ್ನು ಸೇರುವ ಹೊನ್ನಾವರದಿಂದ ಹೊರಟು, ಅದೇ ನದಿಯ ನೀರು ಸುತ್ತುವರಿದಿರುವ ಸಿಗಂದೂರಿನವರೆಗಿನ ಪ್ರಯಾಣವಿದು. ಸಮುದ್ರದ ದಡದಲ್ಲಿ ಬಸ್ಸು ಹತ್ತಿ, ಘಟ್ಟವೇರಿ, ಕೊನೆಗೆ ಲಾಂಚಿನಲ್ಲಿ ನೀರು ದಾಟಿ ದೇವಿಯ ಸನ್ನಿಧಿಗೆ ಹೋಗುತ್ತಿದ್ದ ಈ ದಾರಿಯನ್ನು ನಮ್ಮ ಎಷ್ಟೋ ಕುಟುಂಬಗಳು ಬಲ್ಲವು. 2025ರ ಜುಲೈ 14ರಂದು ಹಿನ್ನೀರಿನ ಮೇಲೆ ಸೇತುವೆ ತೆರೆದ ಮೇಲೆ ಆ ಪ್ರಯಾಣದ ಕೊನೆಯ ಭಾಗದ ಸ್ವರೂಪವೇ ಬದಲಾಗಿದೆ. ಲಾಂಚಿನ ಕಾಲವನ್ನು ಕಂಡವರು ಅದನ್ನು ಮಕ್ಕಳಿಗೆ ಹೇಳಬೇಕಾದ ಸಮಯ ಬಂದಿದೆಯೆಂದು ತೋರಿದ್ದರಿಂದ ಈ ತಿಂಗಳು ಇದನ್ನೇ ಆರಿಸಿಕೊಂಡಿದ್ದೇವೆ.

ಶರಾವತಿಯ ಒಟ್ಟು ಉದ್ದ 128 ಕಿಲೋಮೀಟರು ಮಾತ್ರ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಮುಗಿಯುವ ಈ ಚಿಕ್ಕ ನದಿ ನಾಡಿಗೆ ಕೊಟ್ಟಿರುವುದು ಅದರ ಉದ್ದದ ಅಳತೆಗೆ ಸಿಗುವಂಥದಲ್ಲ. ಶ್ರೀರಾಮನ ಬಾಣದಿಂದ ಚಿಮ್ಮಿದ ನೀರೆಂಬ ಐತಿಹ್ಯದಿಂದ ಅದಕ್ಕೆ ಆ ಹೆಸರು ಬಂದಿತೆಂದು ಹೇಳುತ್ತಾರೆ.

ಹೊನ್ನಾವರದಲ್ಲಿ ಅರ್ಧ ದಿನವಾದರೂ ನಿಲ್ಲಬೇಕು. ನದಿಯ ದಕ್ಷಿಣ ದಡದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಅಲ್ಲಿ ಸ್ವಚ್ಛತೆಗೆ ಕೊಟ್ಟಿರುವ ಗಮನವನ್ನು ಕಂಡರೆ, ನಮ್ಮ ಯಾತ್ರಾಸ್ಥಳಗಳ ನದೀತೀರಗಳೂ ಹೀಗಿರಬಾರದೇಕೆ ಎಂಬ ಪ್ರಶ್ನೆ ಏಳದಿರದು. ಅಳಿವೆಯ ಬಳಿ ಕಾಂಡ್ಲಾ ಕಾಡುಗಳಿವೆ. ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದವಾದ ಸೇತುವೆ, ಎರಡು ಕಿಲೋಮೀಟರಿಗೂ ಮಿಗಿಲಾದುದು, ಇದೇ ಶರಾವತಿಯ ಮೇಲಿದೆ. ಸಮುದ್ರದ ಕಡೆಗೆ ದೃಷ್ಟಿ ಹಾಯಿಸಿದರೆ ಬಸವರಾಜದುರ್ಗವೆಂಬ ದ್ವೀಪ ಕಾಣುತ್ತದೆ. ಕೆಳದಿಯ ಅರಸರ ಕಾಲದ ಕೋಟೆಯೆಂದು ಹೆಸರಾದುದು. ಹಾಗೆ ನೋಡಿದರೆ ನಮ್ಮ ಪ್ರಯಾಣ ಒಂದು ದ್ವೀಪದ ಎದುರಿನಿಂದ ಹೊರಟು ಇನ್ನೊಂದು ದ್ವೀಪಕ್ಕೆ ತಲುಪುವಂಥದು. ಮೊದಲನೆಯದನ್ನು ಪ್ರಕೃತಿ ನಿರ್ಮಿಸಿತು, ಎರಡನೆಯದನ್ನು ಮನುಷ್ಯ ನಿರ್ಮಿಸಿದ.

ಹೊನ್ನಾವರದಿಂದ ಸಾಗರಕ್ಕೆ ಹೋಗುವ ಬಸ್ಸುಗಳು ಹಿಂದೆ 206 ಎಂದು ಕರೆಯಲಾಗುತ್ತಿದ್ದ, ಈಗ 69ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗುತ್ತವೆ. ಮೊದಲ ಮೂವತ್ತು ಕಿಲೋಮೀಟರುಗಳಷ್ಟು ದಾರಿ ತೆಂಗು ಅಡಿಕೆಗಳ ತೋಟಗಳ ನಡುವೆ, ನದಿಯ ನೆರೆಯಲ್ಲೇ ಇದೆ. ಆಮೇಲೆ ಬರುವುದು ಗೇರುಸೊಪ್ಪೆ. ಇಂದು ಸಣ್ಣ ಊರಾಗಿ ಕಾಣುವ ಇದು ಒಂದು ಕಾಲದಲ್ಲಿ ರಾಜಧಾನಿಯಾಗಿತ್ತು. ಹದಿನಾರನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ಇದೇ ನದಿಯ ಮೂಲಕ ಸಮುದ್ರಕ್ಕೆ ಇಳಿಯುತ್ತಿತ್ತು. ಆಕೆಯ ಆಳ್ವಿಕೆಯನ್ನು ಕೊನೆಗಾಣಿಸಿದವನು ಇಕ್ಕೇರಿಯ ವೆಂಕಟಪ್ಪ ನಾಯಕ. ಕೆಳದಿಯ ಮನೆತನದ ಬಗ್ಗೆ ಅಭಿಮಾನವುಳ್ಳ ನಾವು ಆ ರಾಣಿಯ ಬಗೆಗೂ ಅಷ್ಟೇ ಗೌರವದಿಂದ ಮಾತನಾಡಬೇಕೆಂಬುದು ನಮ್ಮ ಅಭಿಪ್ರಾಯ. ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ, ಅಂದಿನ ಆ ನಗರ ಎಷ್ಟು ಸಂಪನ್ನವಾಗಿದ್ದಿತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಗೇರುಸೊಪ್ಪೆಯಲ್ಲಿಯೂ ಒಂದು ಅಣೆಕಟ್ಟಿದೆ. ಮೇಲೆ ವಿದ್ಯುತ್ತನ್ನು ಕೊಟ್ಟು ಇಳಿದು ಬಂದ ನೀರನ್ನು ಮತ್ತೊಮ್ಮೆ ತಡೆದು ಇಲ್ಲಿ 240 ಮೆಗಾವಾಟ್ ಸಾಮರ್ಥ್ಯದ ಕೇಂದ್ರವನ್ನು ನಡೆಸುತ್ತಾರೆ. ಈ ಜಲಾಶಯಕ್ಕೂ ಮೇಲಿನ ತಳಕಳಲೆ ಜಲಾಶಯಕ್ಕೂ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟ್‌ಗಳ ಇನ್ನೊಂದು ಯೋಜನೆಯ ಪ್ರಸ್ತಾಪವಿದ್ದು, 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಆಲಿಕೆಗಳಲ್ಲಿ ಕಣಿವೆಯ ಜನ ಅದನ್ನು ಬಲವಾಗಿ ವಿರೋಧಿಸಿದರು. ಆ ವಿರೋಧಕ್ಕೆ ಕಾರಣವೇನೆಂಬುದು ಪ್ರಯಾಣ ಮುಂದುವರಿದಂತೆ ಸ್ಪಷ್ಟವಾಗುವುದು.

ಇಲ್ಲಿಂದ ಘಟ್ಟ ಆರಂಭ. ಸಣ್ಣ ಮಕ್ಕಳಿದ್ದವರು ಒಂದೆರಡು ನಿಂಬೆಹಣ್ಣು ಜೊತೆಗಿಟ್ಟುಕೊಳ್ಳುವುದು ಒಳಿತು. ತಿರುವುಗಳು ಒಂದಾದ ಮೇಲೊಂದು ಬರುತ್ತವೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದೂ ಉಂಟು, ಆದ್ದರಿಂದ ಆಷಾಢ ಶ್ರಾವಣಗಳಲ್ಲಿ ಹೊರಡುವವರು ವಿಚಾರಿಸಿಕೊಂಡೇ ಹೊರಡಬೇಕು. ಮಾಲೆಮನೆ ಘಟ್ಟದ ವೀಕ್ಷಣಾಸ್ಥಳದಲ್ಲಿ ನಿಂತರೆ ಶರಾವತಿಯ ಕಣಿವೆ ಕೆಳಗೆ ಹರಡಿಕೊಂಡಿರುತ್ತದೆ. ಸಿಂಗಳೀಕಗಳ ಕೊನೆಯ ನೆಲೆಗಳಲ್ಲಿ ಇದೂ ಒಂದು. ಅವುಗಳಿಗಾಗಿಯೇ 2019ರಲ್ಲಿ ಈ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಬಸ್ಸಿನವರು ಅಲ್ಲಿ ನಿಲ್ಲಿಸುವುದಿಲ್ಲವೆಂಬುದನ್ನು ಮಾತ್ರ ಮೊದಲೇ ಹೇಳಿಬಿಡುವುದು ಲೇಸು.

ಮಾವಿನಗುಂಡಿಯಿಂದ ಜೋಗಕ್ಕೆ ದಾರಿ ಕವಲೊಡೆಯುತ್ತದೆ. 253 ಮೀಟರು ಎತ್ತರದಿಂದ ಬೀಳುವ ಜೋಗದ ವರ್ಣನೆಯನ್ನು ನಾವು ಹೊಸದಾಗಿ ಮಾಡಬೇಕಾಗಿಲ್ಲ, ಕನ್ನಡದ ಕವಿಗಳೂ ಪ್ರವಾಸಿಗಳೂ ಮಾಡಿಟ್ಟಿದ್ದಾರೆ. ಬೇಸಿಗೆಯಲ್ಲಿ ಬಂದು, ನೀರೇ ಇಲ್ಲವಲ್ಲ ಎಂದು ಬೇಸರಪಡುವವರಿಗಾಗಿ ಒಂದೇ ಮಾತು. ನೀರು ಬತ್ತಿಲ್ಲ, ಅದು ಬೇರೆ ದಾರಿ ಹಿಡಿದಿದೆ. ಜೋಗದ ಮೇಲಕ್ಕೆ ಕೆಲವೇ ಕಿಲೋಮೀಟರು ದೂರದ ಲಿಂಗನಮಕ್ಕಿಯಲ್ಲಿ ತಡೆದ ನೀರು ತಳಕಳಲೆಯ ಮೂಲಕ ಕೊಳವೆಗಳಲ್ಲಿ ಇಳಿದು ಯಂತ್ರಗಳನ್ನು ತಿರುಗಿಸುತ್ತಿರುತ್ತದೆ. ನಮ್ಮ ಮನೆಯಲ್ಲಿ ದೀಪ ಹೊತ್ತಿಕೊಂಡಿದ್ದರೆ ಇಲ್ಲಿ ಧಾರೆ ತೆಳುವಾಗಿರುತ್ತದೆ.

ಸಾಗರದಲ್ಲಿ ಬಸ್ಸು ಬದಲಾಯಿಸಬೇಕು. ಇಕ್ಕೇರಿಯ ಅಘೋರೇಶ್ವರ ದೇವಾಲಯ ಇಲ್ಲಿಂದ ಕೂಗಳತೆಯಲ್ಲಿದೆ, ಕೆಳದಿಯೂ ಸಮೀಪವೇ. ಅವೆರಡನ್ನೂ ಅವಸರದಲ್ಲಿ ನೋಡುವುದು ಸಲ್ಲದೆಂದು ನಾವು ಬಲ್ಲವರಾದ್ದರಿಂದ ಅವುಗಳಿಗೆ ಬೇರೊಂದು ದಿನವನ್ನೇ ಮೀಸಲಿಡಬೇಕು. ಸಾಗರದಿಂದ ಆವಿನಹಳ್ಳಿಯ ಮೇಲೆ ಹೋಗುವ ದಾರಿ ಅಂಬಾರಗೊಡ್ಲು ಎಂಬಲ್ಲಿ ನೀರಿನ ಅಂಚಿಗೆ ಬರುತ್ತದೆ. ಆ ಜಾಗಕ್ಕೆ ಜನ ಇಟ್ಟಿರುವ ಹೆಸರು ಹೊಳೆಬಾಗಿಲು. ಎದುರು ದಡ ಕಳಸವಳ್ಳಿ. ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಅಗಲದ ನೀರು.

ಈ ನೀರಿನ ಮೇಲೆ ದಶಕಗಳ ಕಾಲ ಲಾಂಚು ನಡೆಯಿತು. ಕಂಡಿರದ ಕಿರಿಯರಿಗಾಗಿ ಅದನ್ನು ಸ್ವಲ್ಪ ವಿವರಿಸುತ್ತೇವೆ. ಲಾಂಚೆಂದರೆ ಹಡಗೂ ಅಲ್ಲ, ದೋಣಿಯೂ ಅಲ್ಲ. ಅಗಲವಾದ ಕಬ್ಬಿಣದ ತೆಪ್ಪ. ಅದರ ತುದಿಯ ತಟ್ಟೆಯನ್ನು ದಡಕ್ಕೆ ಇಳಿಸಿದಾಗ ಮೊದಲು ವಾಹನಗಳು ಏರಬೇಕು, ಆಮೇಲೆ ಜನ. ಸಾಗರದಿಂದ ಬಂದ ಬಸ್ಸು ತನ್ನ ಪ್ರಯಾಣಿಕರನ್ನೆಲ್ಲ ಇಳಿಸಿ, ತಾನು ಬರಿದಾಗಿ ಮೆಲ್ಲಗೆ ಹಲಗೆಯ ಮೇಲೆ ಹತ್ತುವಾಗ ಇಡೀ ಲಾಂಚು ಒಮ್ಮೆ ತಗ್ಗಿ ಮತ್ತೆ ಸಮನಾಗುತ್ತಿತ್ತು. ಬಸ್ಸಿನ ಪಕ್ಕದಲ್ಲಿ ಕಾರುಗಳು, ಅವುಗಳ ಸಂದಿಯಲ್ಲಿ ಬೈಕುಗಳು, ಉಳಿದ ಜಾಗದಲ್ಲಿ ಅಡಿಕೆಯ ಮೂಟೆ, ಗ್ಯಾಸಿನ ಸಿಲಿಂಡರು, ಶಾಲೆಯ ಚೀಲ ಹೊತ್ತ ಮಕ್ಕಳು, ಹೂವಿನ ಬುಟ್ಟಿ ಹಿಡಿದ ಭಕ್ತರು. ಸುಮಾರು ಇಪ್ಪತ್ತು ನಿಮಿಷಗಳ ಆ ದಾಟುವಿಕೆಯಲ್ಲಿ ಕಾರಿನ ಯಜಮಾನರೂ ಬಸ್ಸಿನ ಕೂಲಿಯವರೂ ಒಂದೇ ಕಂಬಿಗೆ ಒರಗಿ ನಿಂತು ಒಂದೇ ನೀರನ್ನು ನೋಡುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ಹುಟ್ಟು ಹಾಕಿಯೇ ಬದುಕಿದವರು. ಮಳೆಗಾಳಿಗಳಲ್ಲಿ ದಿನವಿಡೀ ಈ ದಡದಿಂದ ಆ ದಡಕ್ಕೆ ಜನರನ್ನು ಮುಟ್ಟಿಸುತ್ತಿದ್ದ ಲಾಂಚಿನ ಸಿಬ್ಬಂದಿಯನ್ನು ಕಂಡಾಗ ಆ ಕಾಯಕದ ನೆನಪು ನಮಗೆ ಸಹಜವಾಗಿಯೇ ಬರುತ್ತಿತ್ತು.

ನೀರಿನಿಂದ ಅಲ್ಲಲ್ಲಿ ಒಣಗಿದ ಮರಗಳ ಬೊಡ್ಡೆಗಳು ತಲೆಯೆತ್ತಿ ನಿಂತಿರುತ್ತಿದ್ದವು. ಹೊಸಬರು ಅವುಗಳನ್ನು ಚಿತ್ರ ತೆಗೆಯುತ್ತಿದ್ದರು. ಒಮ್ಮೆ ನಮ್ಮ ಪಕ್ಕದಲ್ಲಿ ನಿಂತಿದ್ದ ಆ ಭಾಗದ ವೃದ್ಧರೊಬ್ಬರು ಚಿತ್ರ ತೆಗೆಯುವವರನ್ನು ನೋಡುತ್ತಾ ನಿಂತು, ತಮ್ಮ ತಂದೆಯ ಗದ್ದೆ ಇಂಥ ಕಡೆ ಇತ್ತೆಂದು ನೀರಿನ ಒಂದು ಭಾಗಕ್ಕೆ ಕೈ ತೋರಿಸಿದರು. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಮನೆಯ ಅಂಗಳವನ್ನು ತೋರಿಸುವವರ ಸಹಜತೆಯಿತ್ತು.

ಶರಾವತಿಗೆ ಅಣೆಕಟ್ಟು ಬಂದದ್ದು ಒಂದಲ್ಲ, ಎರಡು ಸಲ. ಮೊದಲನೆಯದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕಾಗಿ ಹಳೆಯ ಮೈಸೂರು ಸಂಸ್ಥಾನ ಕಟ್ಟಿಸಿದುದು. 120 ಮೆಗಾವಾಟ್ ಸಾಮರ್ಥ್ಯದ ಆ ಕೇಂದ್ರ 1948ರಲ್ಲಿ ಆರಂಭವಾಯಿತು. ಅದು ಸಾಲದೆಂದು ಲಿಂಗನಮಕ್ಕಿಯಲ್ಲಿ 2.7 ಕಿಲೋಮೀಟರು ಉದ್ದದ ಬೃಹತ್ ಅಣೆಕಟ್ಟು 1964ರಲ್ಲಿ ಎದ್ದಿತು. ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಲ್ಲುವ ಈ ಜಲಾಶಯದಲ್ಲಿ 151 ಟಿಎಂಸಿ ನೀರು ಹಿಡಿಯುತ್ತದೆ. ಇದರ ಬಲದಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ದಶಕಗಳ ಕಾಲ ಕನ್ನಡ ನಾಡಿನ ಕಾರ್ಖಾನೆಗಳೂ ಮನೆಗಳೂ ಬೆಳಗಿದ್ದು ಬಹುಮಟ್ಟಿಗೆ ಈ ನೀರಿನಿಂದ.

ಆ ನೀರು ಏರುತ್ತ ಬಂದಾಗ ಗದ್ದೆ, ತೋಟ, ಮನೆ, ಗುಡಿಗಳು ಹಂತಹಂತವಾಗಿ ಮುಳುಗಿದವು. ಜನರನ್ನು ಲಾರಿಗಳಲ್ಲಿ ತುಂಬಿ ದೂರದ ಕಾಡುಗಳಲ್ಲಿ ಇಳಿಸಲಾಯಿತು. ಅವರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ಪ್ರಶ್ನೆ ಮೂರನೆಯ ತಲೆಮಾರಿಗೆ ಬಂದರೂ ಪೂರ್ಣವಾಗಿ ಬಗೆಹರಿದಿಲ್ಲ. ಹೋಗದೆ ಉಳಿದವರ ಪಾಡು ಬೇರೆ. ಕರೂರು ಮತ್ತು ಬಾರಂಗಿ ಹೋಬಳಿಗಳ ಹಳ್ಳಿಗಳು ಮೂರು ದಿಕ್ಕಿನಲ್ಲಿ ನೀರು, ಇನ್ನೊಂದು ದಿಕ್ಕಿನಲ್ಲಿ ಘಟ್ಟದ ಕಾಡು, ಹೀಗೆ ನಡುವೆ ಸಿಲುಕಿದವು. ಭೂಗೋಳದ ಪಾಠದ ಪ್ರಕಾರ ಇದು ದ್ವೀಪವಲ್ಲದಿರಬಹುದು. ಅಲ್ಲಿನ ಜನ ತಮ್ಮ ನೆಲವನ್ನು ದ್ವೀಪವೆಂದೇ ಕರೆದುಕೊಂಡರು, ಹಾಗೆ ಕರೆಯುವ ಅಧಿಕಾರ ಅವರಿಗಿದೆ. ತಾಲ್ಲೂಕು ಕೇಂದ್ರವಾದ ಸಾಗರ ಹತ್ತಿರವಿದ್ದೂ ದೂರವಾಯಿತು. ಲಾಂಚಿಲ್ಲದೆ ರಸ್ತೆಯಲ್ಲೇ ಸುತ್ತಿ ಬರಬೇಕಾದರೆ ಸುಮಾರು 80 ಕಿಲೋಮೀಟರು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ಅಂಚಿನಲ್ಲೇ ಇದ್ದವರು ತಮ್ಮ ಮನೆಗೆ ವಿದ್ಯುತ್ತು ಬರಲು ಬಹುಕಾಲ ಕಾದರು.

ಈ ಬದುಕನ್ನು ಕನ್ನಡದ ಓದುಗರ ಮನೆಗೆ ತಂದವರು ಸಾಗರದ ನಾ. ಡಿಸೋಜರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲೇ ಕೆಲಸ ಮಾಡಿದ್ದ ಅವರು ಕಟ್ಟುವವರ ಮತ್ತು ಮುಳುಗುವವರ ಎರಡೂ ಕಡೆಯನ್ನು ಹತ್ತಿರದಿಂದ ಕಂಡಿದ್ದರು. ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳು ಅದರ ಫಲ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ನಟಿ ಸೌಂದರ್ಯ ಅವರು ತಾವೇ ನಿರ್ಮಿಸಿ ಅಭಿನಯಿಸಿದ ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಇನ್ನು ಆರು ತಿಂಗಳು ಅವರು ಬದುಕಿದ್ದರೆ ತಮ್ಮ ಕಥೆಯ ದ್ವೀಪಕ್ಕೆ ಸೇತುವೆಯಾದುದನ್ನು ನೋಡುತ್ತಿದ್ದರಲ್ಲ ಎಂದು ನಾವು ಮರುಗುತ್ತೇವೆ.

ಯಾತ್ರಿಕರಿಗೆ ಲಾಂಚು ಒಂದು ವಿನೋದ. ಅಲ್ಲಿಯವರಿಗೆ ಅದು ಗಡಿಯಾರ. ಸಂಜೆ ಕೊನೆಯ ಲಾಂಚು ಹೋಯಿತೆಂದರೆ ಬಾಗಿಲು ಮುಚ್ಚಿದಂತೆ. ಹೊಳೆಬಾಗಿಲು ಎಂಬ ಹೆಸರಿನ ಅರ್ಥ ಆಗ ಚೆನ್ನಾಗಿ ತಿಳಿಯುತ್ತಿತ್ತು. ಸಂತೆಗೆ ಹೋದವರು ಸಂತೆಯನ್ನು ಅರ್ಧಕ್ಕೇ ಬಿಟ್ಟು ಓಡಬೇಕು, ಕಾಲೇಜಿನ ಹುಡುಗಿಯರು ಕೊನೆಯ ಪಾಠವನ್ನು ಬಿಡಬೇಕು, ಕಚೇರಿಯ ಕೆಲಸ ಐದು ನಿಮಿಷ ತಡವಾದರೆ ಪೇಟೆಯಲ್ಲೇ ರಾತ್ರಿ ಕಳೆಯಬೇಕು. ರಾತ್ರಿ ಹೆರಿಗೆಯ ನೋವು ಬಂದವರ ಮನೆಯವರು ಪಡುತ್ತಿದ್ದ ಆತಂಕವನ್ನು ನಾವು ಬರೆದು ತಿಳಿಸಬೇಕಾಗಿಲ್ಲ, ಈ ಪುಟಗಳನ್ನು ಓದುವ ತಾಯಂದಿರು ಊಹಿಸಬಲ್ಲರು. ಮಳೆ ತಪ್ಪಿದ ವರ್ಷಗಳಲ್ಲಿ ನೀರು ತಗ್ಗಿ ಲಾಂಚು ದಡ ಮುಟ್ಟುವುದೇ ಕಷ್ಟವಾಗುತ್ತಿತ್ತು. 2023ರ ಜೂನ್‌ನಲ್ಲಿ ಹಾಗೆಯೇ ಆಗಿ ವಾಹನಗಳನ್ನು ಹತ್ತಿಸುವುದನ್ನು ನಿಲ್ಲಿಸಬೇಕಾಯಿತು. ಹೆಚ್ಚು ನೀರಿನಿಂದ ದ್ವೀಪವಾದವರಿಗೆ ಕಡಿಮೆ ನೀರೂ ಶತ್ರುವಾಯಿತು. ಇದೇ ಹಿನ್ನೀರಿನ ಹಸಿರುಮಕ್ಕಿ, ಮುಪ್ಪಾನೆಗಳ ಲಾಂಚುಗಳನ್ನು ನಂಬಿದ್ದವರ ಅನುಭವವೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಹಬ್ಬದ ದಿನಗಳಲ್ಲಿ, ಅದರಲ್ಲೂ ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ, ಭಕ್ತರ ವಾಹನಗಳ ಸಾಲು ದಡದಿಂದ ಬಹುದೂರ ಬೆಳೆಯುತ್ತಿತ್ತು. ಅದೇ ಸಾಲಿನಲ್ಲಿ ಊರಿನವರೂ ನಿಲ್ಲಬೇಕು. ವರ್ಷಕ್ಕೊಮ್ಮೆ ಬರುವ ನಾವು ಗಂಟೆಗಟ್ಟಲೆ ಕಾಯುವುದಾಯಿತೆಂದು ಗೊಣಗುತ್ತಿದ್ದಾಗ, ನಮ್ಮಿಂದಾಗಿಯೇ ಮನೆಗೆ ಹೋಗಲಾರದೆ ನಿಂತವರು ಹಾಲಿನ ಕ್ಯಾನನ್ನು ಕೆಳಗಿಟ್ಟು ಸುಮ್ಮನೆ ಕುಳಿತಿರುತ್ತಿದ್ದರು.

ದೀರ್ಘಕಾಲದ ಹೋರಾಟದ ನಂತರ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಉದ್ಘಾಟಿಸಿದ ಈ ಸೇತುವೆಯ ಉದ್ದ 2.44 ಕಿಲೋಮೀಟರು. ಎತ್ತರದ ಕಂಬಗಳಿಂದ ಉಕ್ಕಿನ ಹಗ್ಗಗಳು ಇಳಿದು ರಸ್ತೆಯನ್ನು ಹಿಡಿದಿವೆ. ಅಣೆಕಟ್ಟಾದದ್ದು 1964, ಸೇತುವೆಯಾದದ್ದು 2025. ನಡುವೆ ಅರುವತ್ತೊಂದು ವರ್ಷ. ಆರುನೂರು ಕಿಲೋಮೀಟರು ದೂರಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿಗಳನ್ನು ಎಳೆಯಬಲ್ಲ ನಮಗೆ ಎರಡೂವರೆ ಕಿಲೋಮೀಟರಿನ ರಸ್ತೆಗೆ ಇಷ್ಟು ಕಾಲ ಬೇಕಾಯಿತು. ನಾವು ಯಾವ ಸರ್ಕಾರವನ್ನೂ ಹೆಸರಿಸಿ ದೂರುವುದಿಲ್ಲ, ಆ ಅವಧಿಯಲ್ಲಿ ಎಲ್ಲ ಪಕ್ಷದವರೂ ಅಧಿಕಾರದಲ್ಲಿದ್ದರು. ಬೆಳಕನ್ನು ಅನುಭವಿಸಿದವರಲ್ಲಿ ನಾವೆಲ್ಲರೂ ಇದ್ದೇವೆ.

ಈಗ ಸಾಗರದಿಂದ ಹೊರಟ ಬಸ್ಸು ಎಲ್ಲಿಯೂ ಪ್ರಯಾಣಿಕರನ್ನು ಇಳಿಸದೆ ನೇರವಾಗಿ ನೀರು ದಾಟುತ್ತದೆ. ಕಿಟಕಿಯ ಬಳಿ ಕುಳಿತ ಮಗು ಎರಡು ಸಲ ಕಣ್ಣು ಹೊರಳಿಸುವುದರೊಳಗೆ ಆಚೆ ದಡ ಬಂದಿರುತ್ತದೆ. ಲಾಂಚಿನ ಸೊಗಸು ಹೋಯಿತಲ್ಲ ಎಂದು ವಿಷಾದಿಸುವ ಪ್ರವಾಸಿಗಳ ಮಾತು ನಮ್ಮ ಕಿವಿಗೂ ಬಿದ್ದಿದೆ. ನಮಗೂ ಆ ನೀರಿನ ಗಾಳಿ ಪ್ರಿಯವೇ ಆಗಿತ್ತು. ಆದರೆ ಬೇರೆಯವರ ಕಷ್ಟದ ಮೇಲೆ ತೇಲುತ್ತಿದ್ದ ಸೊಗಸಿಗಾಗಿ ಅಳುವುದು ಸಭ್ಯತೆಯಲ್ಲ. ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬೇರೆಯಿದೆ. ಲಾಂಚು ಒಂದು ಬಗೆಯ ಜರಡಿಯೂ ಆಗಿತ್ತು, ಒಮ್ಮೆಗೆ ಇಷ್ಟೇ ಜನ, ಇಷ್ಟೇ ವಾಹನ. ಈಗ ಬಾಗಿಲು ಹಗಲಿರುಳು ತೆರೆದಿದೆ. ಕಾಡಿನ ನಡುವಣ ಕಿರಿದಾದ ರಸ್ತೆಗಳೂ ಸಣ್ಣ ಊರುಗಳೂ ನಮ್ಮ ಗಾಡಿಗಳನ್ನು, ನಾವು ಎಸೆದು ಬರುವ ಪ್ಲಾಸ್ಟಿಕ್ಕನ್ನು ಎಷ್ಟು ದಿನ ತಡೆದಾವು?

ಕಳಸವಳ್ಳಿಯಿಂದ ಮುಂದೆ ತುಮರಿ. ಈ ಭಾಗದ ಮುಖ್ಯ ಊರು. ಶಾಲೆ, ಅಂಗಡಿ, ಆಸ್ಪತ್ರೆಗಳೆಲ್ಲ ಇಲ್ಲಿಯೇ. ಅಲ್ಲಿಂದ ಸಿಗಂದೂರು ದೂರವಿಲ್ಲ. ಚೌಡೇಶ್ವರಿಯು ಕಳ್ಳಕಾಕರಿಂದ ಆಸ್ತಿಯನ್ನು ಕಾಯುವವಳೆಂಬ ನಂಬಿಕೆ ಮಲೆನಾಡಿನಲ್ಲಿ ಆಳವಾಗಿದೆ. ಅಡಿಕೆ ತೋಟದ ಬೇಲಿಯ ಮೇಲೆ, ಮನೆಯ ಗೇಟಿನ ಮೇಲೆ, ಈ ಜಾಗಕ್ಕೆ ದೇವಿಯ ಕಾವಲಿದೆಯೆಂಬ ಫಲಕಗಳನ್ನು ವಾಚಕರು ನೋಡಿರಬಹುದು. ತಮ್ಮ ನೆಲವನ್ನು ಹಗಲು ಹೊತ್ತಿನಲ್ಲೇ, ಕಾನೂನಿನ ಪ್ರಕಾರವೇ ಕಳೆದುಕೊಂಡ ಜನರ ನಡುವೆ ಆಸ್ತಿ ಕಾಯುವ ದೇವಿ ಇಷ್ಟು ಪ್ರಸಿದ್ಧಳಾದಳೆಂಬುದು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು.

ಹೊರಡುವವರಿಗೆ ಒಂದೆರಡು ಸೂಚನೆಗಳು. ಹೊನ್ನಾವರದಿಂದ ಬೆಳಗಿನ ಬಸ್ಸನ್ನೇ ಹಿಡಿದರೆ ಸಂಜೆಗೆ ಮುನ್ನ ದರ್ಶನ ಸಾಧ್ಯ, ಜೋಗದಲ್ಲಿ ಇಳಿಯುವುದಾದರೆ ಸಾಗರದಲ್ಲಿ ಒಂದು ರಾತ್ರಿ ತಂಗುವುದು ಒಳಿತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯ. ಸಾಗರದಿಂದ ಮುಂದಿನ ಖಾಸಗಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳೂ ಟಿಕೆಟ್ಟು ಕೊಳ್ಳಬೇಕಾಗುತ್ತದೆ. ಸಾಧ್ಯವಾದರೆ ಸೇತುವೆಗೆ ಮುಂಚೆ ಅಂಬಾರಗೊಡ್ಲಿನಲ್ಲಿ ಇಳಿದು ಹಳೆಯ ದಡದವರೆಗೆ ಮಕ್ಕಳನ್ನು ನಡೆಸಿಕೊಂಡು ಹೋಗಿ ಬನ್ನಿ. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯ ಕೊನೆಯಲ್ಲಿ ನೀರು ಬಹಳ ಇಳಿದಾಗ, ಇದೇ ಹಿನ್ನೀರಿನ ಇನ್ನೊಂದು ಭಾಗದಲ್ಲಿ, ಮಡೆನೂರಿನ ಹಳೆಯ ಅಣೆಕಟ್ಟು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೀರಿನಲ್ಲಿದ್ದರೂ ಕಲ್ಲು ಸಡಿಲದೆ ಹೊರಗೆ ಕಾಣಿಸಿಕೊಳ್ಳುತ್ತದೆ. ಮೊದಲ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಅದು ಮತ್ತೆ ಮುಳುಗುತ್ತದೆ.